ಬೈದದ್ದು ಪರವಾಗಿಲ್ಲ, ಮರ ಎಲ್ಲಿ ಬಿದ್ದಿದೆ ಹೇಳಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರಿನ ಗ್ರಾಮಸಭೆ ಒಂದೇ ಒಂದು ಪದದಿಂದ ಮುರಿದುಬಿತ್ತು. ಆ ಪದ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೂ ನೀವು ಮೊದಲ ಅಕ್ಷರ ಉಳಿಸಿ ಮಿಕ್ಕಿದ್ದಕ್ಕೆ ಚುಕ್ಕಿ ಹಾಕುತ್ತೀರಿ, ಓದುವವರೆಲ್ಲ ಚುಕ್ಕಿ ತುಂಬಿಸುತ್ತಾ ಕೂರುತ್ತಾರೆ, ಪತ್ರದ ವಿಷಯ ಅಲ್ಲಿಗೇ ಮುಗಿಯುತ್ತದೆ. ಸಭೆಯಲ್ಲಿ ಆದದ್ದೂ ಅದೇ.

ನಮ್ಮೂರಿನ ಮೇಲಿನ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, 18 ಮನೆಗಳಿವೆ. ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ಅಲ್ಲಿಯ ನಲ್ಲಿಗಳಲ್ಲಿ ನೀರು ನಿಂತು ಸಭೆಯ ದಿನಕ್ಕೆ 19 ದಿನ ಆಗಿತ್ತು. ಮಳೆಗಾಲದಲ್ಲಿ ಕೊಡಗಿನಲ್ಲಿ ನೀರಿಲ್ಲ ಅಂದರೆ ಹೊರಗಿನವರು ನಗುತ್ತಾರೆ. ಆಕಾಶದಿಂದ ಬೀಳುವುದು ಬೇರೆ, ನಲ್ಲಿಯಲ್ಲಿ ಬರುವುದು ಬೇರೆ. ಜುಲೈಯಲ್ಲಿ ತೋಡಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಕುಡಿದರೆ ಆಸ್ಪತ್ರೆಯೇ ಗತಿ. ಹಾಗಾಗಿ ಅಲ್ಲಿಯ ಹೆಂಗಸರು ಕೆಳಗಿನ ಬಾವಿಗೆ ಬಂದು ನೀರು ಹೊರುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಸೊಂಟದಲ್ಲಿ ಕೊಡ, ಕಾಲಲ್ಲಿ ಜಿಗಣೆ. ಏರು ದಾರಿ ಬೇರೆ.

ಸಭೆಯಲ್ಲಿ ಒಬ್ಬರು ಅಕ್ಕ ಎದ್ದು ನಿಂತು ನೀರಿನ ವಿಷಯ ಕೇಳಿದರು. ಮೊದಲ ಸಲ ಪಂಚಾಯಿತಿಯವರು "ಗಮನಕ್ಕೆ ಬಂದಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು, "ಬೇರೆ ವಿಷಯ ಮುಗೀಲಿ" ಅಂದರು. ಮೂರನೇ ಸಲ ಕೇಳುವಾಗ ಮೈಕು ಬೇರೆಯವರ ಕೈಗೆ ಹೋಗಿತ್ತು. ಆಗ ಅವರ ಬಾಯಿಂದ ಆ ಪದ ಬಂತು. ಜೋರಾಗಿಯೇ ಬಂತು.

ಆಮೇಲೆ ನೋಡಬೇಕಿತ್ತು ನೀವು. ಅಲ್ಲಿವರೆಗೆ ಮೊಬೈಲ್ ನೋಡುತ್ತಾ ಕೂತಿದ್ದವರೆಲ್ಲ ಎದ್ದರು. ಹೆಣ್ಣುಮಗಳು ಇಂಥ ಮಾತಾಡಬಹುದಾ, ಸಂಸ್ಕೃತಿ ಎಲ್ಲಿಗೆ ಬಂತು, ಕ್ಷಮೆ ಕೇಳಲೇಬೇಕು, ಇಲ್ಲದಿದ್ದರೆ ಪೊಲೀಸರಿಗೆ ಹೇಳಬೇಕು. ಇನ್ನೊಂದು ಕಡೆಯವರು ಅವರ ಪರ ನಿಂತರು, ಹೋದ ವರ್ಷ ಇದೇ ಸಭೆಯಲ್ಲಿ ಸದಸ್ಯರೊಬ್ಬರು ಏನಂದಿದ್ದರು ಅಂತ ಹಳೇ ಕಡತ ತೆಗೆದರು. ನಲವತ್ತು ನಿಮಿಷ ಇದೇ ನಡೆಯಿತು. ಕೊನೆಗೆ ನೋಡಲ್ ಅಧಿಕಾರಿ ಫೈಲು ಮುಚ್ಚಿ ಎದ್ದರು. ನಡಾವಳಿ ಪುಸ್ತಕದಲ್ಲಿ "ಗದ್ದಲದ ಕಾರಣ ಸಭೆ ಮುಂದೂಡಲಾಯಿತು" ಅಂತ ಬಂತು. ನೀರು ಅನ್ನುವ ಎರಡಕ್ಷರ ಅದರಲ್ಲಿ ಎಲ್ಲೂ ಇಲ್ಲ.

ನಾನೂ ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಆ ಪದ ಕೇಳಿ ನನಗೂ ಕಸಿವಿಸಿ ಆಯಿತು ಅನ್ನುವುದು ನಿಜ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಮೋಟರಿಗೆ ಏನಾಗಿದೆಯಂತೆ?" ನನಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಅಷ್ಟು ಜನ ಇದ್ದೆವು, ಒಬ್ಬರೂ ಕೇಳಿರಲಿಲ್ಲ.

ಮಾರನೇ ದಿನ ನೀರುಗಂಟಿಯನ್ನು ಹುಡುಕಿಕೊಂಡು ಹೋದೆ. ಐದು ನಿಮಿಷದಲ್ಲಿ ಎಲ್ಲ ತಿಳಿಯಿತು. ಮೋಟರಿಗೆ ಏನೂ ಆಗಿಲ್ಲ. ಮಳೆಗೆ ಮೂರು ಫೇಸಿನಲ್ಲಿ ಒಂದು ಫೇಸ್ ಹೋಗಿತ್ತಂತೆ, ಹಾಗೇ ಓಡಿದ್ದರೆ ಮೋಟರಿನ ವೈಂಡಿಂಗ್ ಸುಟ್ಟು ಕರಕಲಾಗುತ್ತಿತ್ತು, ಪುಣ್ಯಕ್ಕೆ ಸ್ಟಾರ್ಟರ್ ಕಟ್ ಆಗಿ ಮೋಟರ್ ಉಳಿಯಿತು, ಆದರೆ ಪದೇ ಪದೇ ಬಟನ್ ಒತ್ತಿ ಒತ್ತಿ ಸ್ಟಾರ್ಟರ್ ಒಳಗಿನ ಕಾಯಿಲ್ ಸುಟ್ಟುಹೋಯಿತು. ಕಾಯಿಲ್ ತರಲು ಅಂಗಡಿಗೆ ಹೋದರೆ ಅಂಗಡಿಯವರು ಹಳೇ ಬಿಲ್ಲೇ ಬಂದಿಲ್ಲ, ಹೊಸ ಸಾಮಾನು ಕೊಡಲ್ಲ ಅಂದಿದ್ದಾರೆ. ಅಷ್ಟೇ. 18 ಮನೆಯ ನೀರು ನಿಂತದ್ದು ಒಂದು ಅಂಗಡಿ ಬಾಕಿಯಿಂದ. ನನ್ನ ಪಂಪ್‌ಹೌಸಿನಲ್ಲಿ ತೋಟದ ಮೋಟರಿನ ಸ್ಟಾರ್ಟರ್ ಇತ್ತು, ಏಳೂವರೆ ಎಚ್‌ಪಿಯದು. ಮಳೆಗಾಲದಲ್ಲಿ ಅದಕ್ಕೆ ಕೆಲಸವಿಲ್ಲ. ಬಿಚ್ಚಿ ಕೊಟ್ಟೆ. ಅವತ್ತು ಸಂಜೆಯೇ ನೀರು ಬಂತು.

ನಾನು ದೊಡ್ಡ ಕೆಲಸ ಮಾಡಿದೆ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಸ್ಟಾರ್ಟರ್ ಸಾಲ ಕೊಡುವುದು ನನ್ನ ಕೆಲಸವೂ ಅಲ್ಲ, ಅದು ಪಂಚಾಯಿತಿಯ ಕೆಲಸ. ಏನು ಕೆಟ್ಟಿದೆ, ಯಾರು ತರಬೇಕು, ಯಾವತ್ತು ತರುತ್ತಾರೆ ಅನ್ನುವ ಮೂರು ಪ್ರಶ್ನೆಯನ್ನು ಆ ಸಭೆಯಲ್ಲಿ ಕೇಳಿದ್ದರೆ ನಲವತ್ತು ನಿಮಿಷ ಬೇಕಾಗಿರಲಿಲ್ಲ. ಕೆಟ್ಟ ಪದ ಬಂದದ್ದು ಆ ಮೂರಕ್ಕೂ ಉತ್ತರ ಸಿಗದೆ ಇದ್ದದ್ದಕ್ಕೆ. ನಾವು ಪದ ಹಿಡಿದುಕೊಂಡೆವು, ಪ್ರಶ್ನೆ ಬಿಟ್ಟೆವು.

ಹಾಗಂತ ಬೈಗುಳದ ಪರ ವಕಾಲತ್ತು ಮಾಡುತ್ತಿದ್ದೇನೆ ಅಂತ ತಿಳಿಯಬೇಡಿ. ಬೈದು ಕೆಟ್ಟವನು ನಾನೂ ಹೌದು. ಅದನ್ನು ಹೇಳದೆ ಈ ಪತ್ರ ಮುಂದುವರಿಸಿದರೆ ನನ್ನ ಹೆಂಡತಿಯೇ ನಿಮಗೆ ಇನ್ನೊಂದು ಪತ್ರ ಬರೆದಾಳು.

ಎರಡು ವರ್ಷದ ಹಿಂದಿನ ಜುಲೈ. ಮೂರು ದಿನದಿಂದ ಕರೆಂಟಿಲ್ಲ. ಕರೆಂಟಿಲ್ಲ ಅಂದರೆ ಟವರ್ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗುತ್ತದೆ, ನಮ್ಮಲ್ಲಿ ಗದ್ದೆಯ ಮೇಲಿನ ದಿಬ್ಬ ಹತ್ತಿದರೆ ಮಾತ್ರ ಒಂದು ಕಡ್ಡಿ ಸಿಗುತ್ತದೆ. ಗೊರಗ (ಎಲೆಯ ಮಳೆಗೊಪ್ಪೆ) ಹೊದ್ದವನ ಹಾಗೆ ಪ್ಲಾಸ್ಟಿಕ್ ಹೊದ್ದು ದಿಬ್ಬ ಹತ್ತಿ ಲೈನ್‌ಮ್ಯಾನಿಗೆ ಫೋನ್ ಮಾಡಿದೆ. ಮೂರು ದಿನದ ಸಿಟ್ಟು ಸೇರಿಸಿ ಏನೇನು ಅನ್ನಬಾರದೋ ಎಲ್ಲ ಅಂದೆ. ಅವರ ತಾಯಿಯನ್ನೂ ಬಿಡಲಿಲ್ಲ, ಆ ತಾಯಿಗೆ ನನ್ನ ತಾಯಿಯಷ್ಟೇ ವಯಸ್ಸಾಗಿರಬಹುದು. ಆ ಕಡೆಯಿಂದ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ "ಆಯ್ತು ಸರ್" ಅಂತ ಇಟ್ಟರು.

ನಾಲ್ಕನೇ ದಿನ ಮಧ್ಯಾಹ್ನ ನನ್ನ ತೋಟದ ಕೆಳಗಿನ ಅಂಚಿನಿಂದ ಕತ್ತಿಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೂರು ಜನ, ಮೈಯೆಲ್ಲ ಒದ್ದೆ, ಹಗ್ಗ ಕಟ್ಟಿ ಒಂದು ಸಿಲ್ವರ್ ಮರ ಎಳೆಯುತ್ತಿದ್ದಾರೆ. ಮರ ಬಿದ್ದದ್ದು 11 ಕೆವಿ ಲೈನ್ ಮೇಲೆ. ಮರ ನನ್ನದು. ನಾನೇ ನೆಟ್ಟದ್ದು, ಮೆಣಸಿನ ಬಳ್ಳಿ ಹಬ್ಬಿಸಲು. ಜಿಗಣೆಗೆ ಹೆದರಿ ಮೂರು ದಿನ ಆ ಕಡೆ ಇಳಿದಿರಲಿಲ್ಲ.

ಲೈನ್‌ಮ್ಯಾನ್ ನನ್ನ ಮುಖ ನೋಡಿ ಹೇಳಿದರು, "ಸರ್, ನೀವು ಬೈದದ್ದು ಪರವಾಗಿಲ್ಲ. ಮರ ಎಲ್ಲಿ ಬಿದ್ದಿದೆ ಅಂತ ಒಂದು ಮಾತು ಹೇಳಿದ್ರೆ ಮೊನ್ನೆನೇ ಕರೆಂಟ್ ಕೊಡ್ತಿದ್ದೆ."

ನನಗೆ ಆಗಿನ ನಾಚಿಕೆ ಇವತ್ತಿಗೂ ಇದೆ. ಆಮೇಲೆ ಕಾಫಿ ಕೊಟ್ಟು ಕೂರಿಸಿ ಕೇಳಿದೆ, ನೀವು ಹೇಗೆ ಹುಡುಕುತ್ತೀರಿ ಅಂತ. ಲೈನ್ ಟ್ರಿಪ್ ಆದರೆ ಸಬ್‌ಸ್ಟೇಷನ್‌ನಲ್ಲಿ ಒಮ್ಮೆ ಹಾಕಿ ನೋಡುತ್ತಾರೆ. ಮತ್ತೆ ಟ್ರಿಪ್ ಆದರೆ ಎಲ್ಲೋ ಏನೋ ಬಿದ್ದಿದೆ ಅಂತ ಅರ್ಥ. ಆಗ ದಾರಿಯಲ್ಲಿರುವ ಸ್ವಿಚ್ಚುಗಳನ್ನು ಒಂದೊಂದಾಗಿ ತೆಗೆದು, ಲೈನನ್ನು ತುಂಡು ತುಂಡು ಮಾಡಿ, ಯಾವ ತುಂಡಿನಲ್ಲಿ ದೋಷ ಅಂತ ಕಂಡುಹಿಡಿಯುತ್ತಾರೆ. ಅದು ಗೊತ್ತಾದ ಮೇಲೂ ಆ ತುಂಡು ಎಷ್ಟೋ ಕಿಲೋಮೀಟರ್ ಇರುತ್ತದೆ, ರಸ್ತೆ ಬದಿಯಲ್ಲೂ ಇರುವುದಿಲ್ಲ, ಕಾಫಿ ತೋಟದ ಒಳಗೆ, ಏಲಕ್ಕಿ ಕಾಡಿನ ಒಳಗೆ, ತೋಡು ದಾಟಿ ಹೋಗುತ್ತದೆ. ಕಾಲ್ನಡಿಗೆಯಲ್ಲಿ ಕಂಬದಿಂದ ಕಂಬಕ್ಕೆ ನೋಡುತ್ತಾ ಹೋಗಬೇಕು. ದಾರಿಯಲ್ಲಿ ಗೇಟಿಗೆ ಬೀಗ, ನಾಯಿ ಬೇರೆ. ಅದರ ಮೇಲೆ ಕೆಲವು ತೋಟದವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸುತ್ತಾರೆ, ಸತ್ತ ಲೈನಿಗೆ ಹಿಂದಿನಿಂದ ಕರೆಂಟ್ ಬರುತ್ತದೆ, ಕಂಬದ ಮೇಲಿದ್ದವರ ಕಥೆ ಮುಗಿಯಿತು. ಇಷ್ಟೆಲ್ಲದರ ನಡುವೆ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಾ ಇರುತ್ತದೆ. ಎತ್ತಿದರೆ ನನ್ನಂಥವನು.

ಆವತ್ತಿನಿಂದ ನಾನು ಫೋನ್ ಮಾಡುವ ಕ್ರಮ ಬದಲಾಗಿದೆ. ಮೊದಲು ಪಕ್ಕದ ಮನೆಯಲ್ಲಿ ಇದೆಯಾ ನೋಡುತ್ತೇನೆ. ಅಲ್ಲಿ ಇದ್ದು ನಮ್ಮಲ್ಲಿ ಇಲ್ಲದಿದ್ದರೆ ನಮ್ಮ ಸರ್ವೀಸ್ ವೈರಿನದ್ದೋ ಮನೆ ಫ್ಯೂಸಿನದ್ದೋ ತೊಂದರೆ. ಇಡೀ ಬೈಲಿಗೇ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ದೂರದಿಂದಲೇ ನೋಡುತ್ತೇನೆ, ಮೇಲಿನ ಫ್ಯೂಸ್ ಕೆಳಗೆ ಜೋತಾಡುತ್ತಿದೆಯಾ ಅಂತ. ಟ್ರಾನ್ಸ್‌ಫಾರ್ಮರ್ ಮೇಲೆ ನಂಬರ್ ಬರೆದಿರುತ್ತದೆ, ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಇರುತ್ತದೆ, ಎರಡನ್ನೂ ಗೋಡೆಗೆ ಬರೆದಿಟ್ಟಿದ್ದೇನೆ. ನಮ್ಮ ತೋಟದೊಳಗೆ ಹಾದುಹೋಗುವ ಲೈನ್ ಪೂರ್ತಿ ಒಮ್ಮೆ ನಡೆದು ಬರುತ್ತೇನೆ, ತಂತಿ ಮುಟ್ಟದೆ, ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತಿರವೂ ಹೋಗದೆ. ಆಮೇಲೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳುತ್ತೇನೆ, ಜೊತೆಗೆ ಲೈನ್‌ಮ್ಯಾನಿಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ: ಇಂಥ ಟ್ರಾನ್ಸ್‌ಫಾರ್ಮರ್, ಇಂಥವರ ಗದ್ದೆ ಹತ್ತಿರ, ಸಿಲ್ವರ್ ಮರ ಬಿದ್ದಿದೆ, ಎರಡು ತಂತಿ ತುಂಡಾಗಿದೆ, ಜೀಪ್ ಬರುತ್ತದೆ, ಗೇಟ್ ತೆಗೆದಿದೆ. ಅದಾದ ಮೇಲೂ ತಡವಾದರೆ ಸಿಟ್ಟು ಬರುತ್ತದೆ. ಬರಲಿ. ಆಗ ಸಿಲ್ವರ್ ಮರಕ್ಕೆ ಬೈಯುತ್ತೇನೆ.

ಇದನ್ನು ತಮಾಷೆಗೆ ಹೇಳಿದ್ದಲ್ಲ. ವಸ್ತುವಿಗೆ ಬೈಯುವುದರಿಂದ ಸ್ವಲ್ಪ ಉಪಯೋಗ ಇದೆಯಂತೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳ ಕೈಯನ್ನು ಮಂಜಿನಂಥ ತಣ್ಣೀರಿನಲ್ಲಿ ಇಡಿಸಿ, ಒಮ್ಮೆ ಬೈಯುತ್ತಾ, ಒಮ್ಮೆ ಸಾಮಾನ್ಯ ಪದ ಹೇಳುತ್ತಾ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ನೋಡಿದರು. ಬೈಯುವಾಗ ಹೆಚ್ಚು ಹೊತ್ತು ತಡೆದರು. ಮುಂದಿನ ವರ್ಷ ಅದಕ್ಕೆ ಇಗ್ ನೊಬೆಲ್ ಅನ್ನುವ ನಗೆಯ ಬಹುಮಾನವೂ ಬಂತು. 2011ರಲ್ಲಿ ಅದೇ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು: ದಿನಾ ಬೈಯುವ ಅಭ್ಯಾಸ ಇದ್ದವರಿಗೆ ಈ ಲಾಭ ಕಡಿಮೆ. ಕಾಫಿ ಹಣ್ಣಿನ ಕಾಲದಲ್ಲಿ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ದಿನಕ್ಕೆ ಹತ್ತು ಸಲ ಬೈಯುವ ನಮ್ಮಂಥವರು ಆ ಲಾಭವನ್ನು ಯಾವತ್ತೋ ತಿಂದು ಮುಗಿಸಿದ್ದೇವೆ ಅನ್ನಿ. ಆದರೂ ಒಂದು ಮಾತು ಗಮನಿಸಿ, ಆ ಹುಡುಗರು ಬೈದದ್ದು ತಣ್ಣೀರಿಗೆ. ನೀರು ತಂದಿಟ್ಟವನಿಗಲ್ಲ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ನಾವು ಯಾವುದನ್ನು ಕೆಟ್ಟ ಮಾತು ಅನ್ನುತ್ತೇವೆ, ಯಾವುದನ್ನು ಅನ್ನುವುದಿಲ್ಲ?

"ಬೇವರ್ಸಿ" ಅನ್ನುವುದು ನಮ್ಮಲ್ಲಿ ತೀರಾ ಮಾಮೂಲಿ. ಉರ್ದು, ಪಾರ್ಸಿ ಕಡೆಯಿಂದ ಬಂದ ಪದ, ಬೇ ವಾರಿಸ್, ಅಂದರೆ ವಾರಸುದಾರರಿಲ್ಲದ್ದು. ಅನಾಥನಾಗಿರುವುದು ಯಾರ ತಪ್ಪು? "ಬೋಳಿಮಗ" ಅನ್ನುವವರಿಗೆ ಬೋಳಿ ಅಂದರೆ ಗಂಡ ಸತ್ತ ಮೇಲೆ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಹೆಂಗಸು ಅಂತ ಗೊತ್ತಿರುತ್ತದೋ ಇಲ್ಲವೋ. "ಮುಂಡೇದು" ಕೂಡ ಅದೇ ವಿಧವೆಯ ಸಂಕಟದಿಂದ ಬಂದದ್ದು. ಲೈನ್ ಟ್ರಿಪ್ ಆದದ್ದಕ್ಕೂ ಯಾರದೋ ಅಜ್ಜಿಯ ದುಃಖಕ್ಕೂ ಏನು ಸಂಬಂಧ ಹೇಳಿ. ಗಂಡಸರು ಗಂಡಸರಿಗೆ ಬೈಯುವಾಗ ಪೆಟ್ಟು ಬೀಳುವುದು ಅಲ್ಲಿ ಇಲ್ಲದ ಹೆಂಗಸಿಗೆ. ನಾನು ಫೋನಿನಲ್ಲಿ ಮಾಡಿದ್ದೂ ಅದೇ. ಆ ಸಭೆಯಲ್ಲಿ ಅಕ್ಕ ಆಡಿದ ಪದವೂ ಹೆಂಗಸರನ್ನೇ ಹೀನ ಮಾಡುವ ಪದ, ಅದು ಬೇರೆ ವಿಷಾದ. ಅವರು ಅದನ್ನು ಯಾರಿಂದ ಕಲಿತರು ಅಂತ ಯೋಚಿಸಿ.

ಜಾತಿ ಹಿಡಿದು ಬೈಯುವುದನ್ನು ನಾನು ಬೈಗುಳದ ಲೆಕ್ಕಕ್ಕೇ ಸೇರಿಸುವುದಿಲ್ಲ. ಅದು ಸಿಟ್ಟಿನಲ್ಲಿ ಬಾಯಿ ಜಾರಿದ್ದಲ್ಲ, ಸಿಟ್ಟಿಲ್ಲದಾಗಲೂ ಮನಸ್ಸಿನೊಳಗೆ ಕೂತದ್ದು. ನಮ್ಮ ಜಿಲ್ಲೆಯಲ್ಲಿ ಒಂದು ಸಮುದಾಯದ ಹೆಸರನ್ನೇ ಪೆದ್ದ, ಕೊಳಕ ಅನ್ನುವ ಅರ್ಥದಲ್ಲಿ ಮಕ್ಕಳನ್ನು ಗದರಲು ಬಳಸುವುದನ್ನು ನಾನು ಎಷ್ಟೋ ಒಳ್ಳೆಯ ಮನೆಗಳಲ್ಲಿ ಕೇಳಿದ್ದೇನೆ. 1989ರ ದೌರ್ಜನ್ಯ ತಡೆ ಕಾಯ್ದೆ ಸುಮ್ನೆ ಬಂದದ್ದಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಕಣ್ಣೆದುರಿನ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ ಅದೇ ಅಪರಾಧ, 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದನ್ನು ಪ್ರತ್ಯೇಕವಾಗಿಯೇ ಬರೆದಿದ್ದಾರೆ. ಅಲ್ಲಿ "ಸಮಸ್ಯೆ ನೋಡಿ, ಪದ ಬಿಡಿ" ಅನ್ನುವ ನನ್ನ ವಾದ ನಡೆಯುವುದಿಲ್ಲ. ಅಲ್ಲಿ ಪದವೇ ಸಮಸ್ಯೆ.

ಇನ್ನೊಂದು ಇದೆ, ಅದನ್ನು ಯಾವ ಕಾಯ್ದೆಯೂ ಹಿಡಿಯುವುದಿಲ್ಲ. ಏಕವಚನ. ಅಧಿಕಾರಿಗೆ ಯಾರಾದರೂ "ಏನಯ್ಯಾ" ಅಂದರೆ ಮಾರನೇ ದಿನ ಪೇಪರಿನಲ್ಲಿ "ಏಕವಚನದಲ್ಲಿ ನಿಂದನೆ" ಅಂತ ಬರುತ್ತದೆ, ನಿಮ್ಮ ಪೇಪರಿನಲ್ಲೂ ಬಂದಿದೆ. ತೋಟದಲ್ಲಿ ಕಾಲೇಜು ಓದುವ ಹುಡುಗ ತನ್ನ ಅಜ್ಜನ ವಯಸ್ಸಿನ ಕೆಲಸದವರಿಗೆ "ಬಾರೋ, ಏಣಿ ತಕ್ಕೊಂಡು ಬಾ" ಅನ್ನುತ್ತಾನೆ. ಅದು ಸುದ್ದಿಯಲ್ಲ. ಅದರಲ್ಲಿ ಒಂದೂ ಕೆಟ್ಟ ಪದ ಇಲ್ಲ ಬೇರೆ! ನನ್ನ ಮಗನೂ ಹೀಗೇ ಮಾತಾಡುತ್ತಿದ್ದ, ನಾನೂ ಅವನ ವಯಸ್ಸಿನಲ್ಲಿ ಹೀಗೇ ಇದ್ದೆ.

ಅಸ್ಸಾಮಿನಿಂದ ಬಂದ ಒಬ್ಬ ಹುಡುಗ ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ ಇದ್ದ. ಬಂದು ಎರಡು ತಿಂಗಳಿಗೆ ಇಪ್ಪತ್ತು ಕನ್ನಡ ಪದ ಕಲಿತಿದ್ದ. ಒಂದು ದಿನ ನಮ್ಮ ತಾಯಿ ಕಾಫಿ ಲೋಟ ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿಯುತ್ತಿದ್ದರು. ಅವನು ತುಂಬಾ ವಿನಯದಿಂದ, ನಗುತ್ತಾ, ತಾಯಿಯವರಿಗೆ ಒಂದು ಭಯಂಕರ ಪದ ಹೇಳಿದ. ನಾನು ಹೊಡೆಯಲು ಹೋದೆ. ಆಮೇಲೆ ಗೊತ್ತಾಯಿತು, ಮೇಸ್ತ್ರಿ ಅವನನ್ನು ಬೆಳಗ್ಗೆಯಿಂದ ಸಂಜೆವರೆಗೆ ಬೇಗ ಬೇಗ ಕೆಲಸ ಮಾಡು ಅನ್ನುವಾಗಲೆಲ್ಲ ಅದೇ ಪದ ಸೇರಿಸುತ್ತಿದ್ದ, ಇವನು ಅದಕ್ಕೆ "ಬೇಗ" ಅಂತ ಅರ್ಥ ಅಂದುಕೊಂಡಿದ್ದ. ಮಳೆ ಬರ್ತಿದೆ ಅಜ್ಜಿ, ಬೇಗ ಒಳಗೆ ಹೋಗಿ ಅಂತ ಹೇಳಲು ಹೊರಟಿದ್ದನಂತೆ. ತಾಯಿಯವರು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ನನಗೆ ನಗು ಬರಲಿಲ್ಲ. ಮೇಸ್ತ್ರಿಗೆ ಸಂಬಳ ಕೊಡುವವನು ನಾನು.

ನೀವು ಗಮನಿಸಿ ನೋಡಿ, ಬೈಗುಳ ನಮ್ಮಲ್ಲಿ ನೀರಿನ ಹಾಗೆ ಕೆಳಕ್ಕೇ ಹರಿಯುತ್ತದೆ. ಆನೆ ಗದ್ದೆಗೆ ಇಳಿದರೆ ಬೈಸಿಕೊಳ್ಳುವವನು ರಾತ್ರಿಯೆಲ್ಲ ಪಟಾಕಿ ಹಿಡಿದು ಓಡಾಡಿದ ಅರಣ್ಯ ಇಲಾಖೆಯ ವಾಚರ್. ಕಂದಕ ಎಲ್ಲಿ ತೋಡಬೇಕು, ಬೇಲಿ ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡುವವರು ನಮ್ಮ ಬೈಗುಳ ಕೇಳಿಸದಷ್ಟು ದೂರ ಇರುತ್ತಾರೆ. ಬಸ್ ತಡವಾದರೆ ಕಂಡಕ್ಟರ್, ಡಾಕ್ಟರ್ ಇಲ್ಲದಿದ್ದರೆ ನರ್ಸು. ಬೆಳೆ ಪರಿಹಾರಕ್ಕೆ ಅರ್ಜಿ ಹಾಕಬೇಕಾದರೆ ಪಹಣಿ ಬೇಕು, ಫೋಟೋ ಬೇಕು, ಎಷ್ಟು ಗಿಡ ಹೋಯಿತು ಅನ್ನುವ ಲೆಕ್ಕ ಬೇಕು. ವಾಚರನ ಜೊತೆ ಜಗಳ ಆಡುತ್ತಾ ಮಧ್ಯಾಹ್ನದವರೆಗೆ ನಿಂತು, ಅಷ್ಟು ಹೊತ್ತಿಗೆ ಮಳೆ ಬಂದು ಆನೆ ಹೆಜ್ಜೆ ಅಳಿಸಿಹೋಗಿ, ಫೋಟೋ ತೆಗೆಯಲಿಲ್ಲವಲ್ಲ ಅಂತ ಕೂತವರನ್ನು ನಾನು ಕಂಡಿದ್ದೇನೆ.

ಮೇಲಕ್ಕೆ ಹರಿಯುವ ದಿನ ವರ್ಷಕ್ಕೆ ಒಂದೇ. ನಮ್ಮಕ್ಕನನ್ನು ಗೋಣಿಕೊಪ್ಪ ಕಡೆಗೆ ಕೊಟ್ಟಿರುವುದರಿಂದ ದೇವರಪುರದ ಕುಂಡೆ ಹಬ್ಬ ನೋಡಿದ್ದೇನೆ. ಮೇ ಕೊನೆಗೆ ಬರುತ್ತದೆ. ಜೇನು ಕುರುಬರು, ಯರವರು, ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬುರುಡೆ ಬಡಿಯುತ್ತಾ ಬೀದಿಗೆ ಬರುತ್ತಾರೆ. ಸಿಕ್ಕಿದವರನ್ನು ತಡೆದು ಬಾಯಿಗೆ ಬಂದ ಹಾಗೆ ಬೈದು ಕಾಸು ಕೇಳುತ್ತಾರೆ. ಕಾರಿನವರಿಗೂ, ಅಂಗಡಿಯವರಿಗೂ, ತೋಟದ ಸಾಹುಕಾರರಿಗೂ ಒಂದೇ ಬೈಗುಳ. ದೇವರಿಗೂ ಬಿಡುವುದಿಲ್ಲ. ಅಯ್ಯಪ್ಪ ಇವರನ್ನು ಬೇಟೆಗೆ ಕರೆದುಕೊಂಡು ಬಂದು, ನಡುವೆ ಭದ್ರಕಾಳಿ ಸಿಕ್ಕಿದಳು ಅಂತ ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಕೊನೆಗೆ ದೇವಸ್ಥಾನಕ್ಕೆ ಹೋಗಿ ತಪ್ಪಾಯಿತು ಅಂತ ಕೈ ಮುಗಿದು ಮನೆಗೆ ಹೋಗುತ್ತಾರೆ. ಇದನ್ನು ಅಸಹ್ಯ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ವರ್ಷಪೂರ್ತಿ ಕೇಳಿಸಿಕೊಂಡವರು ಒಂದು ದಿನ ಹೇಳುತ್ತಾರೆ, ಅಷ್ಟೇ ಅಲ್ವಾ? ಕೈ ಬಿಟ್ಟು ಹೋದವನಿಗೆ ನೇರವಾಗಿ ಬೈಯುತ್ತಾರೆ, ದಾರಿಯಲ್ಲಿ ಸಿಕ್ಕಿದ ಪೂಜಾರಿಗೆ ಬೈದು ಸುಮ್ಮನಾಗುವುದಿಲ್ಲ. ವಿಳಾಸ ಸರಿಯಾಗಿದೆ.

ಸಭ್ಯ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. "ನೋಡೋಣ", "ಮೇಲಿಂದ ಬರಬೇಕು", "ಗಮನಕ್ಕೆ ಬಂದಿದೆ", "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು". ಇದರಲ್ಲಿ ಒಂದಾದರೂ ಕೆಟ್ಟ ಪದ ಇದೆಯಾ? ಇಲ್ಲ. 19 ದಿನ ನೀರು ಹೊತ್ತವರಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯಾ? ಯಾರು, ಯಾವಾಗ ಅನ್ನುವುದು ಆ ವಾಕ್ಯಗಳಲ್ಲಿ ಎಲ್ಲೂ ಇರುವುದಿಲ್ಲ. "ಕೈಗೊಳ್ಳಲಾಗುವುದು" ಅಂದರೆ ಯಾರ ಕೈ? ಎಷ್ಟೋ ಕಚೇರಿಗಳಲ್ಲಿ ಒಂದು ಫಲಕ ತಪ್ಪದೆ ಇರುತ್ತದೆ, ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಇಂಥ ಕಲಮಿನಲ್ಲಿ ಶಿಕ್ಷೆ ಅಂತ. ಮೊದಲು ದಂಡ ಸಂಹಿತೆಯ 353 ಅಂತ ಇರುತ್ತಿತ್ತು, 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಬಂದ ಮೇಲೆ ಅದು 132. ಆ ಕಲಮು ಇರುವುದು ಹಲ್ಲೆ, ಬಲಪ್ರಯೋಗಕ್ಕೆ, ಗಂಟಲು ಎತ್ತರಿಸಿದ್ದಕ್ಕಲ್ಲ. ಇರಲಿ, ಫಲಕ ಬೇಕೇ ಬೇಕು, ಲೈನ್‌ಮ್ಯಾನಿಗೆ ಕೈ ಎತ್ತುವವರೂ ಇದ್ದಾರೆ. ಆದರೆ ಅದೇ ಗೋಡೆಯಲ್ಲಿ ಅದರ ಪಕ್ಕ ಇನ್ನೊಂದು ಫಲಕಕ್ಕೆ ಜಾಗ ಇದೆ: ಮೋಟರ್ ಕೆಟ್ಟರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಸರಿ ಮಾಡಬೇಕು, ಮಾಡದಿದ್ದರೆ ಅವರ ಮೇಲಿನವರ ನಂಬರ್ ಏನು.

ಬೈಯುವುದು ಸಿಟ್ಟಿಗೆ, ಸಿಟ್ಟು ಅಸಹಾಯಕತೆಗೆ. ದೂರಿಗೆ ಒಂದು ನಂಬರ್, ಒಂದು ತಾರೀಕು ಕೈಯಲ್ಲಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ ಅನ್ನುವುದು ನನ್ನ ಅನುಭವ. ಸಕಾಲ ಬಂದ ಮೇಲೆ, 2012ರಿಂದ, ಅರ್ಜಿ ಕೊಟ್ಟವರಿಗೆ ರಸೀದಿ, ಅದರಲ್ಲಿ ಒಂದು ಸಂಖ್ಯೆ, ಗಡುವು ಸಿಗುತ್ತದೆ. ಎಲ್ಲ ಸೇವೆಗೂ ಇಲ್ಲ, ಇದ್ದದ್ದೂ ಎಲ್ಲ ಕಡೆ ಸರಿ ನಡೆಯುವುದಿಲ್ಲ, ಆದರೂ ರಸೀದಿ ಹಿಡಿದವರು ಮಾತಾಡುವ ರೀತಿಯೇ ಬೇರೆ. ಗಂಟಲು ಏರಿಸಬೇಕಾಗಿಲ್ಲ, ತಾರೀಕು ತೋರಿಸಿದರೆ ಸಾಕು. 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ಹಾಕಬಹುದು. ಕೊನೆಗೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. "ಸ್ಟಾರ್ಟರ್ ಅಂಗಡಿಯ ಬಾಕಿ ಎಷ್ಟು, ಯಾವ ತಾರೀಕಿನಿಂದ" ಅಂತ ಒಂದು ಸಾಲು ಸಾಕು. ಇದು ಯಾವ ಬೈಗುಳಕ್ಕಿಂತಲೂ ಜಾಸ್ತಿ ಚುಚ್ಚುತ್ತದೆ, ಕೇಳಿ ನೋಡಿ.

2018ರ ಆಗಸ್ಟ್ ನಮ್ಮ ಜಿಲ್ಲೆಯವರಾರೂ ಮರೆಯುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಗುಡ್ಡಕ್ಕೆ ಗುಡ್ಡವೇ ಇಳಿದು ಬಂದ ದಿನಗಳು. ಆಗಲೂ ಮೊಬೈಲುಗಳಲ್ಲಿ ಎರಡು ತರದ ಸಂದೇಶ ಓಡಾಡುತ್ತಿತ್ತು. ಒಂದು, ಸರ್ಕಾರ ಸತ್ತಿದೆಯಾ ಅಂತ ಶುರುವಾಗಿ ಬೈಗುಳದಲ್ಲಿ ಮುಗಿಯುವುದು. ಇನ್ನೊಂದು, ಇಂಥ ಊರು, ಇಂಥ ದೇವಸ್ಥಾನದ ಮೇಲಿನ ಮನೆ, 11 ಜನ, ಇಬ್ಬರು ನಡೆಯಲಾರರು, ಒಬ್ಬರಿಗೆ ಇನ್ಸುಲಿನ್ ಬೇಕು, ಕೆಳಗಿನ ರಸ್ತೆ ಹೋಗಿದೆ, ಮೇಲಿನ ತೋಟದಿಂದ ಬನ್ನಿ. ಮೊದಲನೆಯದನ್ನು ಬರೆದವರ ಸಂಕಟ ಸುಳ್ಳಲ್ಲ. ಆದರೆ ಹಗ್ಗ ಹಿಡಿದು ಹೊರಟ ಸೇನೆಯವರಿಗೂ ಊರ ಹುಡುಗರಿಗೂ ದಾರಿ ತೋರಿಸಿದ್ದು ಎರಡನೆಯದು.

ಹಾಗಾಗಿ ನನ್ನದು ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಕೆಟ್ಟ ಪದ ಆಡಿದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಬೇಕಾದರೆ ಸಭೆ ಮುಗಿದ ಮೇಲೆ ಕ್ಷಮೆ ಕೇಳಿಸಿ, ನಾನೇ ಮುಂದೆ ನಿಂತು ಕೇಳಿಸುತ್ತೇನೆ. ಆದರೆ ಮೊದಲು ಅವರು ಎದ್ದು ನಿಂತ ವಿಷಯ ಮುಗಿಸಿ. ನಿಮ್ಮ ಪತ್ರಿಕೆಗೂ ಒಂದು ಮಾತು, ಸಭೆಯ ಸುದ್ದಿಗೆ ನೀವು "ಅವಾಚ್ಯ ಶಬ್ದ ಬಳಕೆ: ಗದ್ದಲ" ಅಂತ ತಲೆಬರಹ ಕೊಟ್ಟಿದ್ದಿರಿ. ನಾಲ್ಕು ಪ್ಯಾರಾದಲ್ಲಿ ಮೋಟರಿನ ಸುದ್ದಿ ಒಂದು ಸಾಲೂ ಇರಲಿಲ್ಲ.

ಪೈಸಾರಿಗೆ ಈಗ ದಿನ ಬಿಟ್ಟು ದಿನ ನೀರು ಬರುತ್ತಿದೆ. ಸ್ಟಾರ್ಟರ್ ಇನ್ನೂ ನನ್ನದೇ. ಫೆಬ್ರವರಿಗೆ ನನಗೆ ಅದು ಬೇಕು, ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು. ನಮ್ಮ ಪಂಚಾಯಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅಷ್ಟರೊಳಗೆ ಅಂಗಡಿಯ ಬಾಕಿ ತೀರಿಸಿ ಹೊಸದು ತಂದು ಹಾಕಿ. ಹಾಕದಿದ್ದರೆ ನಾನು ಬಿಚ್ಚಿಕೊಂಡು ಹೋಗುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ, ಆ ಅಕ್ಕನ ಬಾಯಿ ನೀವೂ ಕೇಳಿದ್ದೀರಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು